ಹದಿನಾಲ್ಕನೆಯ ಪ್ರಶ್ನೆ

ಸೀಸೆ ಖಾಲಿಯಾಗಿತ್ತು. ಖಾಲಿಯಾಗಿ ಕಾಣುತ್ತಿತ್ತು ಎನ್ನಬೇಕು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಸೀಸೆ, ಅದಕ್ಕೊಂದು ನೀಲಿ ಮುಚ್ಚಳ, ಓದಲು ಭೂತಗನ್ನಡಿ ಬೇಕಾಗುವಂಥ ಚೀಟಿ. ಒಳಗೆ ಹತ್ತು ಮೈಕ್ರೋಗ್ರಾಂ ಪ್ರೋಟೀನ್ ಇದೆ ಎಂದು ಆ ಚೀಟಿ ಹೇಳುತ್ತಿತ್ತು. ಪುಡಿಯುಪ್ಪಿನ ಒಂದೇ ಒಂದು ಹರಳನ್ನು ಐದಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅದು ಸೀಸೆಯ ಗೋಡೆಗೆ ಎಲ್ಲೋ ಅಂಟಿಕೊಂಡು ಒಣಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಮುಚ್ಚಳ ತೆಗೆಯುವ ಮುನ್ನ ಸೀಸೆಯನ್ನು ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿ ಇದ್ದದ್ದನ್ನೆಲ್ಲ ತಳಕ್ಕೆ ಇಳಿಸಬೇಕು. ಇಲ್ಲದಿದ್ದರೆ ಮುಚ್ಚಳದ ಜೊತೆಗೆ ಪ್ರೋಟೀನೂ ಹೋಯಿತು.

ಅದು ಮನುಷ್ಯರ ಪ್ರೋಟೀನು. ಮನುಷ್ಯರಿಂದ ತೆಗೆದದ್ದಲ್ಲ. ಮನುಷ್ಯರ ಜೀವಕೋಶದಲ್ಲಿರುವ ನಕ್ಷೆಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಯಲ್ಲಿ ಮಾಡಿಸಿ, ಶುದ್ಧ ಮಾಡಿ, ಒಣಗಿಸಿ, ಪ್ರಯೋಗಾಲಯಗಳಿಗೆ ಮಾರುತ್ತಾರೆ. ಈ ಪ್ರೋಟೀನಿನ ಸರಪಳಿ ಅಲ್ಲಲ್ಲಿ ಬೆರಳಿನ ಹಾಗೆ ಮಡಚಿಕೊಂಡಿರುತ್ತದೆ. ಒಂದೊಂದು ಮಡಿಕೆಯ ಬುಡದಲ್ಲೂ ಸತುವಿನ ಒಂದು ಕಣ ಕೂತು, ಅಂಗಿಗೆ ಗುಂಡಿ ಹಾಕಿದಂತೆ ಆ ಮಡಿಕೆಯನ್ನು ಹಿಡಿದಿರುತ್ತದೆ. ಆ ಬೆರಳುಗಳಿಂದಲೇ ಅದು ಡಿಎನ್‌ಎಯನ್ನು ತಡವುತ್ತ ಹೋಗಿ, ತನಗೆ ಬೇಕಾದ ಜಾಗ ಸಿಕ್ಕ ಕೂಡಲೇ ಹಿಡಿದುಕೊಳ್ಳುತ್ತದೆ. ಇಷ್ಟನ್ನು ನಾನು ಅತ್ತೆಗೆ ಊಟಕ್ಕೆ ಕೂತಾಗ ವಿವರಿಸಿದ್ದೆ. ಮನುಷ್ಯರ ಬೆರಳನ್ನು ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುವ ಜಾಗದಲ್ಲಿ ತನ್ನ ಸೊಸೆ ಕೆಲಸ ಮಾಡುತ್ತಾಳೆ ಎಂದು ಅವರು ಮಾರನೆಯ ದಿನ ಕೆಳಗಿನ ಮನೆಯವರಿಗೆ ಹೇಳಿ ಬಂದರು. ಆಮೇಲೆ ನಾನು ಕೆಳಗೆ ಹೋಗಿ ಅದನ್ನು ತಿದ್ದಬೇಕಾಯಿತು.

ನನ್ನ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂಬತ್ತು ವರ್ಷ ನಾನು ಇದೇ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದೆ. ಅದರಲ್ಲಿ ಮೂರು ವರ್ಷ ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿಕೊಂಡೆ. ಹಿಂದಿನ ಟೆಕ್ನಿಷಿಯನ್ ನಿವೃತ್ತರಾದಾಗ ಆ ಜಾಗಕ್ಕೆ ನನ್ನನ್ನು ಹಾಕಿದರು, ಆರು ತಿಂಗಳ ಪರೀಕ್ಷಾವಧಿಯ ಮೇಲೆ. ಆರು ತಿಂಗಳಾದ ಮೇಲೆ ಮುಖ್ಯಸ್ಥರು ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ‘ಕಾಯಂ’ ಎಂದು ಬರೆದರೆ ಉಳಿದೆ, ಇಲ್ಲವಾದರೆ ವಾಪಸ್ಸು ತೊಳೆಯುವ ಕೋಣೆಗೆ. ತೊಳೆಯುವ ಕೋಣೆ ಕೆಟ್ಟದ್ದೇನಲ್ಲ. ಆದರೆ ಒಮ್ಮೆ ಅಲ್ಲಿಂದ ಈಚೆ ಬಂದು, ಬಿಳಿ ಕೋಟಿನ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಓಡಾಡಿದ ಮೇಲೆ ಹಿಂದಕ್ಕೆ ಹೋಗುವುದು ಬೇರೆ ಮಾತು. ಸೀಸೆ ಬಂದಾಗ ನನಗೆ ಐದು ತಿಂಗಳು ತುಂಬಿತ್ತು.

ನನ್ನ ಕೆಲಸ ಎರಡು. ಬಂದ ಪಾರ್ಸೆಲ್ ಇಳಿಸಿಕೊಂಡು, ದಾಖಲೆ ಮಾಡಿ, ಅದರದರ ತಣ್ಣನೆಯ ಜಾಗದಲ್ಲಿ ಇಡುವುದು ಒಂದು. ಎಲ್ಲರಿಗೂ ಬೇಕಾದ ದ್ರಾವಣಗಳನ್ನು ಮಾಡಿಡುವುದು ಇನ್ನೊಂದು. ಪುಡಿ ತೂಗು, ನೀರಿಗೆ ಹಾಕು, ಆಮ್ಲದ ಮಟ್ಟ ಸರಿ ಮಾಡು, ಸೋಸು, ಕಾವಲು ಎರಡು ಹನಿ ಹಾಕು, ಮುಚ್ಚು, ಲೇಬಲ್ ಹಚ್ಚು. ‘ಕಾವಲು’ ಎಂದರೆ ಕಪಾಟಿನ ಮೇಲಿರುವ ಕಂದು ಬಾಟಲಿ. ಹನ್ನೊಂದು ವರ್ಷದ ಹಿಂದೆ ಯಾವುದೋ ಕಿಣ್ವ ದ್ರಾವಣಕ್ಕೆ ಸೇರಿಕೊಂಡು ಒಂದು ವರ್ಷದ ಡಿಎನ್‌ಎಯನ್ನೆಲ್ಲ ತಿಂದು ಹಾಕಿತ್ತಂತೆ. ಆವತ್ತಿನಿಂದ ಮುಖ್ಯಸ್ಥರ ಕಟ್ಟಪ್ಪಣೆ: ಕಪಾಟಿನಿಂದ ಆಚೆ ಹೋಗುವ ಪ್ರತಿಯೊಂದು ದ್ರಾವಣಕ್ಕೂ ಆ ಬಾಟಲಿಯಿಂದ ಎರಡು ಹನಿ. ಹಿಂದಿನ ಟೆಕ್ನಿಷಿಯನ್ ತಮ್ಮ ಕೊನೆಯ ವಾರದಲ್ಲಿ ಇದನ್ನು ನನಗೆ ಕಲಿಸಿದರು, ಲೀಟರುಗಟ್ಟಲೆ ಕಾವಲು ಮಾಡಿಟ್ಟು ಹೋದರು. ಕೆಲಸ ಮುಗಿದ ಮೇಲೆ ನಲ್ಲಿ ನಿಲ್ಲಿಸುವುದು ಹೇಗೋ ಹಾಗೆ ಅದು ಕೈಗೆ ಹತ್ತಿತ್ತು.

ಪ್ರೋಟೀನ್ ತರಿಸಿದ್ದು ಹೊಸ ಮೇಡಂ. ಬೇರೆ ಸಂಸ್ಥೆಯಿಂದ ಒಂದು ವರ್ಷದ ಮಟ್ಟಿಗೆ ಬಂದ ಸಂಶೋಧಕಿ. ನನಗಿಂತ ಹತ್ತು ವರ್ಷ ಚಿಕ್ಕವರು, ನನ್ನನ್ನು ‘ಅಕ್ಕ’ ಎನ್ನುತ್ತಾರೆ. ನಾನು ‘ಮೇಡಂ’ ಎಂದಾಗಲೆಲ್ಲ ಬೇಡ ಬೇಡ ಎನ್ನುತ್ತಾರೆ, ನನ್ನ ಬಾಯಿಗೆ ಬೇರೆ ಬರುವುದಿಲ್ಲ.

ಪಾರ್ಸೆಲ್ ಬಂದ ದಿನ ನಾನು ಹಿಂದಿನ ಕೋಣೆಯಲ್ಲಿ ಫ್ರೀಜರಿನ ಮಂಜು ಕೆರೆಯುತ್ತಿದ್ದೆ. ಗೇಟಿನ ಕಾವಲುಗಾರ ಫೋನ್ ಮಾಡಿದ್ದು ಕೇಳಿಸಲಿಲ್ಲ. ಡಬ್ಬಿ ಅವನ ಮೇಜಿನ ಮೇಲೆ ನಲವತ್ತು ನಿಮಿಷ ಕೂತಿತ್ತು. ನಾನು ತೆರೆದಾಗ ಒಳಗಿನ ಐಸ್ ಚೀಲಗಳು ಮೆತ್ತಗಾಗಿದ್ದವು. ಜೊತೆಗೆ ಬಂದ ಕಾಗದದಲ್ಲಿ ಒಣ ಪುಡಿ ಹೊರಗಿನ ಬಿಸಿಯಲ್ಲಿ ಒಂದು ವಾರ ಇದ್ದರೂ ಕೆಡುವುದಿಲ್ಲ ಎಂದು ಬರೆದಿತ್ತು. ಆದರೂ ನಾನು ದಾಖಲೆ ಪುಸ್ತಕದಲ್ಲಿ ‘ಗೇಟಿನಲ್ಲಿ ೪೦ ನಿಮಿಷ’ ಎಂದು ಬರೆದೆ. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಂಥದ್ದನ್ನು ಬರೆದಿಟ್ಟುಕೊಂಡು ತಲೆ ಮೇಲೆ ಎಳೆದುಕೊಳ್ಳುವುದು ನನ್ನ ಜಾತಕದಲ್ಲೇ ಇದೆ ಎಂದು ನನ್ನ ಗಂಡ ಹೇಳುತ್ತಾರೆ.

ಹೊಸ ಮೇಡಂ ನಾನು ಮಾಡಿಟ್ಟ ದ್ರಾವಣದಲ್ಲೇ ಅದನ್ನು ಕರಗಿಸಿ, ಹತ್ತು ಪುಟ್ಟ ಟ್ಯೂಬುಗಳಿಗೆ ಹಂಚಿ, ಕೊರೆಯುವ ಫ್ರೀಜರಿನಲ್ಲಿಟ್ಟರು. ಅವರ ಪ್ರಯೋಗ ಹೇಳಲು ಸುಲಭ. ಪ್ರೋಟೀನನ್ನೂ ಡಿಎನ್‌ಎ ತುಣುಕನ್ನೂ ಬೆರೆಸಿ ಜೆಲ್ ಎಂಬ ಮೆದುವಾದ ಹಲಗೆಯೊಳಗೆ ಓಡಿಸುತ್ತಾರೆ. ಬರಿಯ ಡಿಎನ್‌ಎ ಸರಸರನೆ ಕೆಳಗೆ ಓಡುತ್ತದೆ. ಪ್ರೋಟೀನ್ ಹಿಡಿದುಕೊಂಡಿದ್ದರೆ ಅದು ಭಾರವಾಗಿ ಮೇಲೆಯೇ ನಿಲ್ಲುತ್ತದೆ, ಅಲ್ಲೊಂದು ಗೆರೆ ಕಾಣುತ್ತದೆ. ಮೊದಲ ದಿನ ಮೇಲೆ ಗೆರೆ ಇರಲಿಲ್ಲ. ಎರಡನೆಯ ದಿನವೂ ಇರಲಿಲ್ಲ. ಮೂರನೆಯ ಸಲ ನನ್ನನ್ನೂ ಕರೆದು ತೋರಿಸಿದರು. ಎಲ್ಲ ಗೆರೆಗಳೂ ಕೆಳಗೆ, ಬೆಂಚಿನ ಮೇಲೆ ಸಾಲಾಗಿ ಕೂತವರ ಹಾಗೆ.

ಮುಖ್ಯಸ್ಥರು ದಾಖಲೆ ಪುಸ್ತಕ ತರಿಸಿ ನೋಡಿದರು. ಅವರದು ಕಡಿಮೆ ಮಾತು. ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

“ನಲವತ್ತು ನಿಮಿಷ ಎಲ್ಲಿದ್ರಿ?”

ಫ್ರೀಜರ್ ಸ್ವಚ್ಛ ಮಾಡುತ್ತಿದ್ದೆ ಎಂದೆ. ಒಣ ಪುಡಿ ಒಂದು ವಾರ ಕೆಡದೆ ಇರುತ್ತದೆ ಎಂದು ಕಾಗದ ಹೇಳುತ್ತದೆ ಎಂದೂ ಸೇರಿಸಿದೆ. ಕಾಗದ ಬರೆದವರು ಮಾರುವವರು ಎಂದು ಅವರು ಹೇಳಿದರು. ಕಂಪನಿಯವರೇ ತಪ್ಪು ಒಪ್ಪಿಕೊಂಡು ಬೇರೆ ಸೀಸೆ ಕಳಿಸಿದರೆ ಸರಿ, ಇಲ್ಲದಿದ್ದರೆ ಇದು ಸಾಮಾನು ಇಳಿಸಿಕೊಂಡವರ ತಲೆಗೆ ಬರುತ್ತದೆ ಎಂದರು. ತಿಂಗಳ ಕೊನೆಗೆ ನನ್ನ ಫಾರಂ ಬರುತ್ತದೆ ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅವರ ಮೇಜಿನ ಮೇಲಿದ್ದ ಫಾರಂಗಳ ಕಟ್ಟನ್ನು ನಾನು ನೋಡಿದ್ದನ್ನು ಅವರು ನೋಡಿದರು, ಅಷ್ಟೇ.

ಆಮೇಲೆ ಶುರುವಾಯಿತು ಕಂಪನಿಯ ಜೊತೆ ನನ್ನ ಪತ್ರವ್ಯವಹಾರ. ಗ್ರಾಹಕ ಸೇವೆಯವರು ಪ್ರತಿ ಪತ್ರದ ಕೊನೆಗೂ ‘ವಿನಮ್ರತೆಯಿಂದ’ ಎಂದು ಬರೆದು ಹೆಸರಿನ ಬದಲು ಒಂದು ಸಂಖ್ಯೆ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಆ ವ್ಯಕ್ತಿಗೆ ವಿನಮ್ರ ಎಂದೇ ಹೆಸರು ಬಿತ್ತು. ವಿನಮ್ರ ಮೊದಲು ನನ್ನ ಅನಾನುಕೂಲಕ್ಕೆ ವಿಷಾದಿಸಿದ. ಆಮೇಲೆ ಸೀಸೆಯನ್ನು ತಿರುಗಿಸಿ ತೆರೆದಿರಾ ಎಂದು ಕೇಳಿದ. ತಿರುಗಿಸಿದೆವು ಎಂದೆ. ಎರಡು ದಿನ ಬಿಟ್ಟು ಮತ್ತೆ ವಿಷಾದಿಸಿ, ಸೀಸೆಯನ್ನು ತಿರುಗಿಸಿ ತೆರೆದಿರಾ ಎಂದು ಕೇಳಿದ. ಜೆಲ್ಲಿನ ಚಿತ್ರ ಕಳಿಸಿದೆ. ಚಿತ್ರ ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸಿ ಎಂದ. ಚಿಕ್ಕದು ಮಾಡಿದೆ. ಚಿತ್ರ ಸ್ಪಷ್ಟವಿಲ್ಲ, ದೊಡ್ಡದು ಕಳಿಸಿ ಎಂದ.

ಮನೆಯಲ್ಲಿ ಅನ್ನ ಬಡಿಸಿಕೊಂಡು ಫೋನ್ ನೋಡುತ್ತ ಕೂತರೆ ಅತ್ತೆ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದರು. “ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ಆ ಖಾಲಿ ಸೀಸೆಗೋಸ್ಕರ ನೀನು ಒಣಗ್ತಾ ಇದೀಯ. ನಿನ್ನನ್ನೂ ಒಂದಿನ ತಿರುಗಿಸಿ ತಳಕ್ಕೆ ಇಳಿಸ್ಬೇಕು.”

ಎರಡನೆಯ ವಾರ ವಿನಮ್ರ ಇಪ್ಪತ್ತೆರಡು ಪ್ರಶ್ನೆಗಳ ಫಾರಂ ಕಳಿಸಿದ. ತಣ್ಣನೆಯ ಜಾಗದ ತಾಪಮಾನ ಎಷ್ಟು, ಎಷ್ಟು ಸಲ ಕರಗಿಸಿ ಹೆಪ್ಪುಗಟ್ಟಿಸಿದಿರಿ, ಸೀಸೆಯನ್ನು ತಿರುಗಿಸಿ ತೆರೆದಿರಾ. ಹದಿನಾಲ್ಕನೆಯ ಪ್ರಶ್ನೆ ಹೀಗಿತ್ತು: ಪ್ರೋಟೀನನ್ನು ಕರಗಿಸಲು ಬಳಸಿದ ದ್ರಾವಣದಲ್ಲಿ ಇಡಿಟಿಎ ಅಥವಾ ಲೋಹವನ್ನು ಹಿಡಿಯುವ ಬೇರೆ ಯಾವುದೇ ವಸ್ತು ಇತ್ತೇ?

ನಾನು ಊಹೆಯ ಮೇಲೆ ಗುರುತು ಹಾಕುವವಳಲ್ಲ. ಎದ್ದು ಹೋಗಿ ಫ್ರಿಜ್ ತೆರೆದು ಬಾಟಲಿ ಹೊರಗೆ ತೆಗೆದು ಲೇಬಲ್ ಓದಿದೆ. ಟ್ರಿಸ್ ಎಂಬ ಪುಡಿ, ಉಪ್ಪು, ತಾರೀಖು, ನನ್ನ ಸಹಿ. ಎರಡು ಸಲ ಓದಿದೆ. ಬಂದು ಕೂತು ‘ಇಲ್ಲ’ ಎಂದು ಗುರುತು ಹಾಕಿ, ಕೆಳಗೆ ‘ಮೇಲಿನ ಎಲ್ಲವೂ ನನಗೆ ತಿಳಿದಂತೆ ಸತ್ಯ’ ಎನ್ನುವಲ್ಲಿ ಸಹಿ ಮಾಡಿದೆ.

ಮೂರನೆಯ ವಾರ ನನ್ನ ತಾಳ್ಮೆ ತಪ್ಪಿತು. ನಾನು ಸಾಮಾನ್ಯವಾಗಿ ಒಂದು ಪತ್ರವನ್ನು ಮೂರು ಸಲ ತಿದ್ದುತ್ತೇನೆ. ಆವತ್ತು ತಿದ್ದಲಿಲ್ಲ. ನಮ್ಮ ಕಡೆ ಒಂದು ಕೂದಲೆಳೆಯಷ್ಟೂ ಲೋಪವಿಲ್ಲ, ನೀವು ಕಳಿಸಿದ ಪ್ರೋಟೀನು ಸತ್ತದ್ದು, ನಿಮಗೆ ನಾಚಿಕೆಯಾಗಬೇಕು ಎಂದು ಬರೆದೆ. ಮಾರನೆಯ ಬೆಳಿಗ್ಗೆ ಉತ್ತರ ಬಂದಿತ್ತು: ವಿಷಾದ, ಹೊಸ ಸೀಸೆ ನಾಳಿದ್ದು ತಲುಪುತ್ತದೆ, ವಿನಮ್ರತೆಯಿಂದ.

ಗೆದ್ದೆ ಎಂದುಕೊಂಡೆ. ಪತ್ರವನ್ನು ಮುದ್ರಿಸಿ ಮುಖ್ಯಸ್ಥರ ಮೇಜಿನ ಮೇಲೆ ಇಟ್ಟೆ. ಅವರು ಓದಿ, ಹ್ಞೂಂ ಎಂದು, ಅದನ್ನು ನನ್ನ ಫಾರಂ ಇದ್ದ ಕಟ್ಟಿನ ಮೇಲೆಯೇ ಇಟ್ಟರು. ಅವರ ಮಟ್ಟಿಗೆ ಅದು ಹೊಗಳಿಕೆ. ಈ ಸಲ ಗೇಟಿನಲ್ಲಿ ನಾನೇ ನಿಂತು ಪಾರ್ಸೆಲ್ ಇಳಿಸಿಕೊಂಡೆ. ಐಸ್ ಚೀಲಗಳು ಕಲ್ಲಿನ ಹಾಗಿದ್ದವು. ನಾಳೆ ಬೆಳಿಗ್ಗೆ ಕರಗಿಸೋಣ ಎಂದು ಹೊಸ ಮೇಡಂ ಹೇಳಿದರು.

ಆ ಸಂಜೆ ಮನೆಗೆ ಹೋದಾಗ ನನ್ನ ಗಂಡ ಅಡುಗೆಮನೆಯ ಕಟ್ಟೆಯ ಮೇಲೆ ಕೆಟಲ್ ಬಿಚ್ಚಿಕೊಂಡು ಕೂತಿದ್ದರು. ಅವರು ಲಿಫ್ಟ್ ಮೆಕ್ಯಾನಿಕ್. ಬಿಚ್ಚಬಹುದಾದದ್ದು ಕಣ್ಣಿಗೆ ಬಿದ್ದರೆ ಸುಮ್ಮನಿರುವವರಲ್ಲ. ಕೆಟಲ್ಲಿನ ಒಳಗೆ ಸುಣ್ಣದ ಹಕ್ಕಳೆ ಕಟ್ಟಿಕೊಂಡು ನೀರು ಕಾಯಲು ಒಂದು ಯುಗ ಬೇಕಾಗುತ್ತಿತ್ತು. ಸಂಜೆ ತರಗತಿಯಲ್ಲಿ ನಲ್ಲಿ ನೀರಿನ ಗಡಸುತನ ಅಳೆಯುತ್ತಿದ್ದೆಯಲ್ಲ, ಸುಣ್ಣ ಹಿಡಿಯುವ ಆ ದ್ರಾವಣವನ್ನು ಒಂದಿಷ್ಟು ತಂದರೆ ಇದಕ್ಕೆ ಆಗುತ್ತದಾ ಎಂದು ಕೇಳಿದರು. ಪ್ರಯೋಗಾಲಯದಿಂದ ಒಂದು ಹನಿಯೂ ಮನೆಗೆ ತರುವಂತಿಲ್ಲ, ತಿನ್ನುವ ಕುಡಿಯುವ ಪಾತ್ರೆಗಂತೂ ಖಂಡಿತ ಇಲ್ಲ ಎಂದು ರೇಗಿದೆ. ಹೆಸರಾದರೂ ಹೇಳು ಎಂದರು. ಹೆಸರು ತಪ್ಪು ಹೇಳಿಬಿಟ್ಟೇನೆಂದು ನೋಟ್‌ಬುಕ್ ತರಲು ಹೋದೆ. ಎಲ್ಲದರಲ್ಲೂ ನನ್ನದು ಹೀಗೇ.

ಸಂಜೆ ತರಗತಿಯ ಆ ನೋಟ್‌ಬುಕ್ ಅರ್ಧ ಖಾಲಿ ಉಳಿದಿತ್ತು. ಎಸೆಯಲು ಮನಸ್ಸಾಗದೆ, ಹೊಸ ಕೆಲಸಕ್ಕೆ ಸೇರಿದಾಗ ಅದನ್ನೇ ಮುಂದುವರಿಸಿದ್ದೆ. ಒಂದು ಪುಟದಲ್ಲಿ: ಗಡಸು ನೀರು. ಇಡಿಟಿಎ ಹಾಕುತ್ತ ಹೋದರೆ ಕೆಂಪು ಬಣ್ಣ ನೀಲಿಗೆ ತಿರುಗುತ್ತದೆ. ಇಡಿಟಿಎ ಏಡಿಯ ಹಾಗೆ, ಲೋಹ ಕಂಡರೆ ಕಚ್ಚಿ ಹಿಡಿಯುತ್ತದೆ, ಸುಣ್ಣ, ಕಬ್ಬಿಣ, ಸತು ಯಾವುದನ್ನೂ ಬಿಡುವುದಿಲ್ಲ. ನಮ್ಮ ಮೇಷ್ಟ್ರು ಎರಡು ಬೆರಳು ಇಕ್ಕಳದಂತೆ ಮಾಡಿ ತೋರಿಸಿದ್ದು ನೆನಪಾಯಿತು. ನಾಲ್ಕು ಹಾಳೆ ಮುಂದೆ, ಕೆಲಸದ ಮೊದಲ ದಿನದ ತಾರೀಖಿನ ಕೆಳಗೆ, ನನ್ನದೇ ದುಂಡು ಅಕ್ಷರದಲ್ಲಿ: ಕಾವಲು ಅಂದರೆ ಇಡಿಟಿಎ. ಎರಡು ಹನಿ. ಎಲ್ಲದಕ್ಕೂ.

ಐದು ತಿಂಗಳಲ್ಲಿ ಆ ಬಾಟಲಿಯನ್ನು ನಾನು ಬೇರೆ ಹೆಸರಿನಿಂದ ನೆನೆದೇ ಇರಲಿಲ್ಲ. ಅದು ದ್ರಾವಣದಲ್ಲಿರುವ ವಸ್ತು ಎಂದೇ ನನಗೆ ಅನ್ನಿಸಿರಲಿಲ್ಲ, ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅದಕ್ಕೇ ಅದು ಲೇಬಲ್ಲಿನ ಮೇಲೂ ಇರಲಿಲ್ಲ. ಡಿಎನ್‌ಎ ತಿನ್ನುವ ಕಿಣ್ವದ ಲೋಹವನ್ನು ಕಸಿದು ಅದನ್ನು ಸುಮ್ಮನಾಗಿಸಲೆಂದು ಹಾಕಿದ ಆ ಎರಡು ಹನಿ ಮೂರು ವಾರದಿಂದ ಪ್ರೋಟೀನಿನ ಬೆರಳುಗಳಿಂದ ಸತುವಿನ ಗುಂಡಿಗಳನ್ನು ಒಂದೊಂದಾಗಿ ಕಿತ್ತುಕೊಂಡಿದ್ದವು. ಗುಂಡಿ ಹೋದ ಮೇಲೆ ಮಡಿಕೆ ಎಲ್ಲಿ ನಿಲ್ಲುತ್ತದೆ? ಮಡಿಕೆ ಇಲ್ಲದ ಬೆರಳು ಏನನ್ನು ಹಿಡಿಯುತ್ತದೆ? ನಾನು ನಾಚಿಕೆಯಾಗಬೇಕು ಎಂದು ಬರೆದದ್ದು ಯಾರಿಗೆ?

ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟಲ್ ಪಕ್ಕಕ್ಕಿಟ್ಟು ಯೋಚಿಸಿದರು.

“ಇಷ್ಟೇ ತಾನೆ? ಬೆಳಿಗ್ಗೆ ಬೇಗ ಹೋಗಿ ಹೊಸ ಬಾಟ್ಲಿ ಮಾಡಿಡು. ಕಾವಲು ಹಾಕ್ಬೇಡ. ಅವರ ಪ್ರಯೋಗ ಆಗತ್ತೆ, ಹಳೇ ಸೀಸೆ ಕೆಟ್ಟದ್ದು ಅಂತ ಎಲ್ರೂ ಅಂದ್ಕೋತಾರೆ, ನಿನ್ನ ಫಾರಂಗೆ ಸಹಿ ಬೀಳತ್ತೆ. ಯಾರಿಗೂ ನಷ್ಟ ಇಲ್ಲ.”

ಅದು ನಿಜವಾಗಿಯೂ ಸಾಧ್ಯವಿತ್ತು. ಅರ್ಧ ಗಂಟೆಯ ಕೆಲಸ. ನಾನು ಬೇಡ ಎನ್ನಲಿಲ್ಲ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆ ಬಾಟಲಿಯನ್ನು ಎಷ್ಟು ಹೊತ್ತಿಗೆ ಹೋದರೆ ಮಾಡಬಹುದು ಎಂದು ಲೆಕ್ಕ ಕೂಡ ಹಾಕಿದೆ.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. “ಹಾಗೆ ಮಾಡಿದ್ರೆ ಇವಳಿಗೆ ಇನ್ನು ಆರು ತಿಂಗಳು ಅನ್ನ ಸೇರಲ್ಲ,” ಎಂದು ಮಗನಿಗೆ ಹೇಳಿದರು. “ಇವಳು ಗೊಣಗೋದು ಕೇಳಿ ನಮಗೂ ಸೇರಲ್ಲ. ಹೇಳಿ ಬರ್ಲಿ ಬಿಡು. ಬೈಸ್ಕೊಂಡ್ರೆ ಒಂದು ದಿನಕ್ಕೆ ಮುಗಿಯತ್ತೆ.”

ಬೆಳಿಗ್ಗೆ ನಾನು ಬೇಗ ಹೋದೆ. ಹೊಸ ಮೇಡಂ ನನಗಿಂತ ಬೇಗ ಬಂದಿದ್ದರು. ಯಂತ್ರ ತಿರುಗುತ್ತಿತ್ತು, ಅದರೊಳಗೆ ಹೊಸ ಸೀಸೆ. ಪಕ್ಕದಲ್ಲಿ ನನ್ನ ಬಾಟಲಿ ಮುಚ್ಚಳ ತೆರೆದು ಕೂತಿತ್ತು. ಓಡಿಹೋಗಿ ಮುಚ್ಚಳ ಹಾಕಿದೆ. ಅವರು ನನ್ನನ್ನು ನೋಡಿದರು. ನಾನು ನೋಟ್‌ಬುಕ್ಕಿನ ಎರಡು ಪುಟಗಳನ್ನೂ ತೋರಿಸಿದೆ. ಬಾಯಲ್ಲಿ ಹೇಳಲು ಹೋಗಿದ್ದರೆ ಕ್ಷಮೆ ಕೇಳುವುದರಲ್ಲೇ ಒಂದು ಗಂಟೆ ಆಗುತ್ತಿತ್ತು.

ಅವರು ಓದಿದರು. ಸ್ಟೂಲಿನ ಮೇಲೆ ಕೂತರು. ಯಂತ್ರ ನಿಂತ ಮೇಲೂ ಕೂತೇ ಇದ್ದರು.

“ಮೂರು ವಾರ, ಅಕ್ಕ. ಇದರಲ್ಲಿ ಇಡಿಟಿಎ ಇಲ್ಲ ಅಂತ ಲೇಬಲ್ ನೋಡಿಯೇ ನಾನು ತಗೊಂಡಿದ್ದು. ನನ್ನ ಜೆಲ್ ದ್ರಾವಣ ಕೂಡ ನಾನೇ ಇಡಿಟಿಎ ಇಲ್ಲದೆ ಮಾಡ್ಕೊಂಡೆ. ಒಂದೇ ಒಂದು ಸಾಲು ಬರೆದಿದ್ರೆ ಸಾಕಿತ್ತು.”

ಹೌದು ಎಂದೆ. ಅವರು ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಬಾಟಲಿಯನ್ನು ಎತ್ತಿ ನೋಡಿ, ಇಟ್ಟು, ಮತ್ತೆ ಎತ್ತಿದರು. ಆಮೇಲೆ, ಹಳೆಯ ಟ್ಯೂಬುಗಳು ಇನ್ನೂ ಏಳು ಉಳಿದಿವೆಯಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಏಡಿ ಎಷ್ಟು ಹಿಡಿಯಬಲ್ಲದೋ ಅದಕ್ಕಿಂತ ಹೆಚ್ಚು ಸತು ಹಾಕಿದರೆ, ಮಿಕ್ಕದ್ದು ಬೆರಳಿಗೆ ವಾಪಸ್ಸು ಸಿಗಬಹುದೇನೋ. ನನಗೆ ಸರಿಯಾಗಿ ಗೊತ್ತಿಲ್ಲ, ತಪ್ಪಿದ್ದರೆ ಬಿಟ್ಟುಬಿಡಿ ಎಂದೂ ಸೇರಿಸಿದೆ. ಅವರು ಕಾಗದ ಎಳೆದುಕೊಂಡು ಎರಡು ಹನಿ ಎಂದರೆ ಎಷ್ಟು ಎಂದು ಲೆಕ್ಕ ಹಾಕತೊಡಗಿದರು. ಹೊಸ ಸೀಸೆಯನ್ನು ಮುಚ್ಚಳ ತೆಗೆಯದೆ ಫ್ರೀಜರಿಗೆ ಇಟ್ಟೆ.

ಮುಖ್ಯಸ್ಥರು ಹತ್ತು ಗಂಟೆಗೆ ಬಂದರು. ನಿಂತುಕೊಂಡೇ ಹೇಳಿದೆ. ನಾನು ಮುದ್ರಿಸಿ ಕೊಟ್ಟ ಪತ್ರ ಇನ್ನೂ ಫಾರಂ ಕಟ್ಟಿನ ಮೇಲೇ ಇತ್ತು.

“ಎಲ್ಲದಕ್ಕೂ ಕಾವಲು ಹಾಕ್ತೀವಿ ಅನ್ನೋದು ಎಲ್ರಿಗೂ ಗೊತ್ತಿರೋ ವಿಷಯ,” ಎಂದರು.

“ಹೊಸ ಮೇಡಂಗೆ ಗೊತ್ತಿರಲಿಲ್ಲ ಸಾರ್. ಹೊರಗಿಂದ ಬಂದವರು.”

“ಮತ್ತೆ ನೀವ್ಯಾಕೆ ಲೇಬಲ್ ಮೇಲೆ ಬರೀಲಿಲ್ಲ?”

“ಮುಂಚೆಯಿಂದ ಯಾರೂ ಬರೀತಿರಲಿಲ್ಲ ಸಾರ್. ಹನ್ನೊಂದು ವರ್ಷದ ಬಾಟ್ಲಿಗಳ ಪಟ್ಟಿ ನೋಡಿದೆ. ಒಂದರಲ್ಲೂ ಇಲ್ಲ.”

“ಯಾರೂ ಬರೀಲಿಲ್ಲ ಅಂದ್ರೆ ನೀವೂ ಬರೀಬಾರದು ಅಂತಾನಾ?”

ಬರೆದಿದ್ದರೆ, ಯಾರೂ ಬರೆಯದ್ದನ್ನು ನೀವ್ಯಾಕೆ ಬರೆದಿರಿ ಎಂದು ಇದೇ ಮನುಷ್ಯ ಕೇಳುತ್ತಿದ್ದರು. ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಕಂಪನಿಯ ಪತ್ರವನ್ನು ಎತ್ತಿ, ಮಡಚಿ, ನನ್ನ ಕೈಗೆ ಕೊಟ್ಟು, ಇದನ್ನೇನು ಮಾಡುತ್ತೀರೋ ಮಾಡಿ ಎಂದರು.

ಕಂಪನಿಗೆ ಬರೆದೆ. ನಿಮ್ಮ ಪ್ರೋಟೀನು ಸರಿಯಾಗಿತ್ತು, ಹದಿನಾಲ್ಕನೆಯ ಪ್ರಶ್ನೆಗೆ ನನ್ನ ಉತ್ತರ ತಪ್ಪು, ದಯವಿಟ್ಟು ತಿದ್ದಿ, ಹೊಸ ಸೀಸೆಯನ್ನು ತೆರೆದಿಲ್ಲ, ವಾಪಸ್ಸು ಪಡೆಯಿರಿ. ವಿನಮ್ರ ವಿಷಾದಿಸಿದ. ದೂರು ತೃಪ್ತಿಕರವಾಗಿ ಮುಗಿದಿದೆ, ಮುಗಿದ ದೂರನ್ನು ತೆರೆಯಲು ಬರುವುದಿಲ್ಲ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ? ಮತ್ತೆ ಬರೆದೆ. ದೂರು ಹಿಂತೆಗೆದುಕೊಳ್ಳುವ ಫಾರಂ ಕಳಿಸಿದ. ಅದರಲ್ಲಿ ಕಾರಣವನ್ನು ಆರಿಸಬೇಕು: ಪಾರ್ಸೆಲ್ ತಡವಾಯಿತು, ಸೀಸೆ ಒಡೆದಿತ್ತು, ತಪ್ಪು ಸಾಮಾನು ಬಂತು, ಇತರೆ. ‘ಇತರೆ’ ಒತ್ತಿದರೆ ಮೊದಲ ಪುಟಕ್ಕೆ ವಾಪಸ್ಸು ಹೋಗುತ್ತಿತ್ತು. ನಾಲ್ಕು ಸಲ ಹೋಯಿತು. ಕೊನೆಗೆ ಫಾರಂನ ಅಡಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ.

ಎತ್ತಿದ್ದು ಹೆಂಗಸು. ದಣಿದ ದನಿ, ಹಿಂದೆಲ್ಲೋ ಪಾತ್ರೆಯ ಸದ್ದು. ಮನೆಯಿಂದಲೇ ಕೆಲಸ ಮಾಡುತ್ತಾರೋ ಏನೋ. ಪತ್ರಗಳ ಕೊನೆಗೆ ಬರುತ್ತಿದ್ದ ಆ ಸಂಖ್ಯೆಯನ್ನೇ ಹೆಸರಿನ ಜಾಗದಲ್ಲಿ ಹೇಳಿದರು. ಮೂರು ವಾರ ನಾನು ‘ಅವನು’ ಎಂದು ಬೈದ ವಿನಮ್ರ ಇವರೇ. ನಾನು ಯಾರೆಂದು ಹೇಳುವ ಮೊದಲೇ ಅವರು, ನನ್ನ ಫೋನ್ ನಂಬರು ನೋಡಿಯೋ ಏನೋ, ನನ್ನ ದೂರಿನ ಸಂಖ್ಯೆ ಹೇಳಿದರು.

“ನಾಚಿಕೆ ಆಗ್ಬೇಕು ಅಂತ ಬರೆದಿದ್ರಲ್ಲ, ಅವರಲ್ವಾ?”

“ಹೌದಮ್ಮ. ಅದಕ್ಕೇ ಫೋನ್ ಮಾಡಿದ್ದು. ತಪ್ಪು ನಂದು.”

“ಎಂಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಮೇಡಂ. ತಪ್ಪು ನಂದು ಅಂತ ಒಬ್ರೂ ಬರೆದಿಲ್ಲ. ಅದಕ್ಕೇ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ. ನೀವು ದಯವಿಟ್ಟು ಆ ಸೀಸೆ ಇಟ್ಕೊಳ್ಳಿ. ವಾಪಸ್ ತಗೊಳ್ಳೋದಕ್ಕೆ ನಾನು ಇನ್ನೂ ಹನ್ನೊಂದು ಜನಕ್ಕೆ ವಿಷಾದಿಸ್ಬೇಕು.”

ಹದಿನಾಲ್ಕನೆಯ ಉತ್ತರವನ್ನಾದರೂ ತಿದ್ದಿ ಎಂದು ಬೇಡಿಕೊಂಡೆ. ತಿದ್ದುತ್ತೇನೆ ಎಂದರು. ತಿದ್ದಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆವತ್ತು ಮಧ್ಯಾಹ್ನ ಹೊಸ ಮೇಡಂ ನನ್ನನ್ನು ಕತ್ತಲೆ ಕೋಣೆಗೆ ಕರೆದರು. ಹಳೆಯ ಟ್ಯೂಬಿಗೆ ಸತು ಸೇರಿಸಿ ಓಡಿಸಿದ ಜೆಲ್. ಕೆಳಗಿನ ಗೆರೆಗಳು ಬೆಂಚಿನ ಮೇಲೆ ಕೂತಿದ್ದಂತೆಯೇ ಕೂತಿದ್ದವು. ಮೇಲೆ, ಅರ್ಧಕ್ಕಿಂತ ಸ್ವಲ್ಪ ಮೇಲೆ, ಒದ್ದೆ ಬೆರಳಿನಿಂದ ಒರೆಸಿದಂತೆ ಮಸುಕಾಗಿ ಒಂದು ಗೆರೆ. ಪೂರ್ತಿ ಬಂದಿಲ್ಲ, ಕೆಲವು ಮಾತ್ರ ಮಡಚಿಕೊಂಡಿವೆ, ಅಚ್ಚುಕಟ್ಟಾದ ಪ್ರಯೋಗವನ್ನು ಹೊಸ ಸೀಸೆಯಿಂದಲೇ ಮಾಡಬೇಕು ಎಂದರು. ಆದರೆ ಅವರು ಆ ಚಿತ್ರವನ್ನು ಎರಡು ಪ್ರತಿ ಮುದ್ರಿಸಿ ಒಂದನ್ನು ನನಗೆ ಕೊಟ್ಟರು. ನಾನು ಅದನ್ನು ನೋಟ್‌ಬುಕ್ಕಿಗೆ ಅಂಟಿಸಿದೆ. ಅಂಟು ಸ್ವಲ್ಪ ಜಾಸ್ತಿಯಾಗಿ ಮೂಲೆ ಸುಕ್ಕಾಯಿತು.

ತಿಂಗಳ ಕೊನೆಗೆ ನನ್ನ ಫಾರಂ ಬಂತು. ‘ಪರೀಕ್ಷಾವಧಿ ಮೂರು ತಿಂಗಳು ಮುಂದುವರಿಕೆ. ಕಾರಣ: ಲೇಬಲ್ ಬರೆಯುವುದರಲ್ಲಿ ಅಜಾಗರೂಕತೆ.’ ಕೆಳಗೆ ನೌಕರರ ಷರಾ ಎಂದು ನಾಲ್ಕು ಗೆರೆಯ ಜಾಗವಿತ್ತು. ಅಲ್ಲಿ ಎಲ್ಲರೂ ‘ಇಲ್ಲ’ ಎಂದು ಬರೆದು ಸಹಿ ಮಾಡುತ್ತಾರೆ. ನಾನೂ ‘ಇ’ ಎಂದು ಬರೆದೆ. ಬರೆದ ಮೇಲೆ, ಗೊತ್ತಿದ್ದೂ ಇದಕ್ಕೆ ‘ಇಲ್ಲ’ ಎಂದರೆ ಹದಿನಾಲ್ಕನೆಯ ಪ್ರಶ್ನೆಗಿಂತ ದೊಡ್ಡ ತಪ್ಪಾಗುತ್ತದಲ್ಲ ಅನ್ನಿಸಿತು. ಆ ‘ಇ’ಯನ್ನೇ ಮುಂದುವರಿಸಿ ಬರೆದೆ: ‘ಇಡಿಟಿಎ ಎರಡು ಹನಿ ಹಾಕುವ ನಿಯಮ ಹನ್ನೊಂದು ವರ್ಷದಿಂದ ಬಾಯಿಮಾತಿನಲ್ಲಿದೆ. ಎಲ್ಲೂ ಬರೆದಿಟ್ಟಿಲ್ಲ. ನಾನು ಅದನ್ನು ಪಾಲಿಸಿದೆ. ಲೇಬಲ್ಲಿನಲ್ಲಿ ಬರೆಯದ್ದು ನನ್ನ ತಪ್ಪು, ಒಪ್ಪುತ್ತೇನೆ. ನಿಯಮವನ್ನು ಬರೆದಿಡದ್ದು ಯಾರ ತಪ್ಪು ಎಂದು ದಯವಿಟ್ಟು ತಿಳಿಸಬೇಕು.’ ನಾಲ್ಕು ಗೆರೆ ಸಾಲದೆ ಅಂಚಿಗೂ ಹತ್ತಿತು. ಕೊಟ್ಟು ಬಂದ ಮೇಲೆ, ‘ದಯವಿಟ್ಟು’ ಎನ್ನುವುದನ್ನು ಮೊದಲು ಹಾಕಬೇಕಿತ್ತೇನೋ ಎಂದು ಬಸ್ಸಿನಲ್ಲಿ ಮನೆಯವರೆಗೂ ಯೋಚಿಸಿದೆ.

ಫಾರಂ ಆಡಳಿತ ಕಚೇರಿಗೆ ಹೋಗಿ ಮೂರೇ ದಿನದಲ್ಲಿ ವಾಪಸ್ಸು ಬಂತು. ನೌಕರರು ಷರಾ ಬರೆದಿದ್ದರೆ ಮುಖ್ಯಸ್ಥರು ಅದಕ್ಕೆ ಲಿಖಿತ ಉತ್ತರ ಕೊಡಬೇಕಂತೆ. ಅದೊಂದು ನಿಯಮ. ಅದನ್ನು ಯಾರೋ ಬರೆದಿಟ್ಟಿದ್ದರು. ಫಾರಂ ಮುಖ್ಯಸ್ಥರ ಮೇಜಿನ ಮೇಲೆ ಒಂದು ವಾರ ಕೂತಿತು. ದಿನಾ ಬೆಳಿಗ್ಗೆ ಅವರು ಅದನ್ನು ಎಡಗಡೆಯಿಂದ ಬಲಗಡೆಗೆ ಇಡುತ್ತಿದ್ದರು, ಸಂಜೆ ಬಲಗಡೆಯಿಂದ ಎಡಗಡೆಗೆ. ಎಂಟನೆಯ ದಿನ ಅದು ಮೇಜಿನ ಮೇಲೆ ಇರಲಿಲ್ಲ. ಹೊಸ ಫಾರಂ ತರಿಸಿ ‘ಕಾಯಂ’ ಎಂದು ಬರೆದು ಕಳಿಸಿದ್ದಾರೆ ಎಂದು ಆಡಳಿತ ಕಚೇರಿಯವರಿಂದ ತಿಳಿಯಿತು. ನನ್ನ ಪ್ರಶ್ನೆಗೆ ಉತ್ತರ ಬರೆಯುವುದಕ್ಕಿಂತ ನನ್ನನ್ನು ಇಟ್ಟುಕೊಳ್ಳುವುದು ಅವರಿಗೆ ಸುಲಭವಾಯಿತು. ನನ್ನ ಕೆಲಸ ಚೆನ್ನಾಗಿದೆ ಎಂದು ಉಳಿದೆನೋ, ಕಾಟ ಸಾಕೆಂದು ಉಳಿದೆನೋ ಎಂದು ಯೋಚಿಸಲು ಹೊರಟರೆ, ಅತ್ತೆ ತಟ್ಟೆ ತಳ್ಳಿ, ಉಳಿದಿದೀಯಲ್ಲ ಉಣ್ಣು ಎಂದರು.

ಮಾರನೆಯ ದಿನ ನಾನು ಫ್ರಿಜ್ಜಿನಲ್ಲಿದ್ದ ನಲವತ್ತಮೂರು ಬಾಟಲಿಗಳನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದರ ಲೇಬಲ್ಲಿಗೂ ಹೊಸ ಸಾಲು ಬರೆಯುತ್ತ ಕೂತೆ: ಇಡಿಟಿಎ, ಎರಡು ಹನಿ. ಹತ್ತೊಂಬತ್ತನೆಯದಕ್ಕೆ ಬಂದಾಗ ಹಿಂದೆ ಯಾರೋ ನಿಂತಂತಾಯಿತು. ಮುಖ್ಯಸ್ಥರು. ಕನ್ನಡಕ ಹಣೆಯ ಮೇಲೆ. ಒಂದು ಬಾಟಲಿ ಎತ್ತಿ ಓದಿದರು.

“ಎರಡು ಹನಿ ಅಂದ್ರೆ ಎಷ್ಟು? ನಿಮ್ಮ ಹನಿ ಬೇರೆ, ನನ್ನ ಹನಿ ಬೇರೆ. ಪ್ರಮಾಣ ಲೆಕ್ಕ ಮಾಡಿ ಬರೀರಿ.”

ಹನ್ನೊಂದು ವರ್ಷ ಎರಡು ಹನಿ ಎಂದು ಹೇಳಿಕೊಂಡು ಬಂದ ಮನುಷ್ಯ. ಆದರೆ ಮಾತು ಸರಿಯಾಗಿತ್ತು, ಅದೇ ನನಗೆ ಹೆಚ್ಚು ಸಿಟ್ಟು ತಂದದ್ದು. ಅವರು ಹೋದ ಮೇಲೆ ನಾನು ಹತ್ತೊಂಬತ್ತು ಲೇಬಲ್ಲುಗಳನ್ನೂ ನೆನೆಸಿ ಕಿತ್ತು, ಪೆನ್ನಿನ ಶಾಯಿ ಸಾಕೇ ಎಂದು ನೋಡಿಕೊಂಡು, ಮೊದಲನೆಯ ಬಾಟಲಿಯಿಂದ ಮತ್ತೆ ಶುರು ಮಾಡಿದೆ.